ಸರಳಿಗೆ ಕೇಳಬೇಕಾದ ಪ್ರಶ್ನೆ

ಗುಂಡಿ ಒತ್ತಿದೊಡನೆ ಆಸ್ಪತ್ರೆಯ ಮಂಚದ ತಲೆಭಾಗ ಮೇಲೇಳುತ್ತದಲ್ಲ, ಅದನ್ನು ಎತ್ತುವುದು ಲೀನಿಯರ್ ಆಕ್ಚುಯೇಟರ್. ಒಳಗೊಂದು ಡಿಸಿ ಮೋಟಾರು, ವೇಗ ತಗ್ಗಿಸಿ ಬಲ ಹೆಚ್ಚಿಸುವ ಗಿಯರುಗಳು, ಉದ್ದನೆಯ ತಿರುಪು. ತಿರುಪು ಸುತ್ತಿದಂತೆ ನಟ್ಟು ಸರಿಯುತ್ತದೆ, ಅದಕ್ಕೆ ಕೂಡಿಸಿದ ಸರಳು ಹೊರಬರುತ್ತದೆ. ಇದನ್ನು ಆರ್ಡುಯಿನೋ ಉನೋದಂಥ ಮೈಕ್ರೋಕಂಟ್ರೋಲರಿನ ಪಿನ್ನಿಗೆ ನೇರವಾಗಿ ಕಟ್ಟುವಂತಿಲ್ಲ. ಪಿನ್ನು ನಿರಾಯಾಸವಾಗಿ ಕೊಡುವುದು 20 ಮಿಲಿಆಂಪಿಯರ್. ಮೋಟಾರು ಕೇಳುವುದು ಆಂಪಿಯರುಗಳಲ್ಲಿ. ಹಾಗಾಗಿ ನಡುವೆ ನಾಲ್ಕು ಸ್ವಿಚ್ಚುಗಳ ಎಚ್-ಬ್ರಿಡ್ಜ್ ಬರುತ್ತದೆ. ಕರ್ಣದ ಒಂದು ಜೋಡಿ ಮುಚ್ಚಿದರೆ ಸರಳು ಹೊರಕ್ಕೆ, ಇನ್ನೊಂದು ಜೋಡಿಗೆ ಒಳಕ್ಕೆ. ಇಷ್ಟು ಸುಲಭ. ಆಮೇಲೆ ಹೊಸಬರು ಬರೆಯುವ ಪ್ರೋಗ್ರಾಂ 'ಇಷ್ಟು ಸೆಕೆಂಡು ಓಡು, ನಿಲ್ಲು' ಎನ್ನುತ್ತದೆ. ಎಡವುವುದು ಇಲ್ಲೇ.

ಲೆಕ್ಕ ಹಾಕಿ ನೋಡಿ. 12 ವೋಲ್ಟಿನಲ್ಲಿ ಸೆಕೆಂಡಿಗೆ 10 ಮಿಲಿಮೀಟರ್ ಸರಿಯುವ ಸರಳು 10 ಸೆಕೆಂಡಿನಲ್ಲಿ 100 ಮಿಲಿಮೀಟರ್ ಹೋಗಬೇಕು. ಡಿಸಿ ಮೋಟಾರಿನ ವೇಗ ಹೆಚ್ಚುಕಮ್ಮಿ ವೋಲ್ಟೇಜನ್ನೇ ಹಿಂಬಾಲಿಸುವುದರಿಂದ, ಬ್ಯಾಟರಿ 11ಕ್ಕೆ ಇಳಿದಿದ್ದರೆ ಅದು 92ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ಭಾರ ಎತ್ತುವಾಗ ನಿಧಾನ, ಇಳಿಸುವಾಗ ಚುರುಕು. ಹತ್ತು ಸಲ ಏರಿಳಿದರೆ ತಪ್ಪು ಕೂಡುತ್ತಾ ಹೋಗುತ್ತದೆ, ಪ್ರೋಗ್ರಾಮಿಗೆ ಸುಳಿವೂ ಸಿಗುವುದಿಲ್ಲ. ಸರಳಿನ ಚಲನೆಗೆ ಜೋಡಿಸಿದ ಪೊಟೆನ್ಷಿಯೋಮೀಟರ್ ಇದ್ದರೆ ಕಥೆಯೇ ಬೇರೆ. ಅದರ ವೋಲ್ಟೇಜನ್ನು ಉನೋ 0ಯಿಂದ 1023ರವರೆಗಿನ ಅಂಕಿಯಾಗಿ ಓದುತ್ತದೆ; 200 ಮಿಲಿಮೀಟರ್ ಚಾಚುವ ಸರಳಿನಲ್ಲಿ ಒಂದು ಅಂಕಿಗೆ ಸುಮಾರು 0.2 ಮಿಲಿಮೀಟರ್. ಗುರಿ 512, ಈಗಿರುವುದು 430, ಹಾಗಾದರೆ ಹೊರಕ್ಕೆ. ಸರಿಯಾಗಿ 512ಕ್ಕೇ ನಿಲ್ಲಲಿ ಎಂದು ಹಟ ಹಿಡಿದರೆ ಸರಳು ಹಿಂದೆಮುಂದೆ ನಡುಗುತ್ತಲೇ ಇರುತ್ತದೆ. 508ರಿಂದ 516ರೊಳಗೆ ಬಂದರೆ ಸಾಕು ಎನ್ನುವುದೇ ಜಾಣತನ. ಇನ್ನೊಂದು ಲಾಭವೂ ಇದೆ: ಮೋಟಾರಿಗೆ ವಿದ್ಯುತ್ ಹರಿಯುತ್ತಿದ್ದರೂ ಅಂಕಿ ಬದಲಾಗದಿದ್ದರೆ ಏನೋ ಸಿಕ್ಕಿಕೊಂಡಿದೆ ಎಂದರ್ಥ. ಅದು ಯಾರದೋ ಬೆರಳೂ ಆಗಿರಬಹುದು.

ತ್ರಿಡಿ ಪ್ರಿಂಟರು ಇಂಥ ಸೆನ್ಸರಿಲ್ಲದೆಯೇ ಕೂದಲೆಳೆಯಷ್ಟು ನಿಖರವಾಗಿ ಚಲಿಸುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ನಿಜ, ಆದರೆ ಅದರಲ್ಲಿರುವುದು ಸುತ್ತಿಗೆ ಸಾಮಾನ್ಯವಾಗಿ 200 ಹೆಜ್ಜೆ ಇಡುವ ಸ್ಟೆಪರ್ ಮೋಟಾರು. ಅದೂ ಕೆಲಸಕ್ಕೆ ಮುನ್ನ ಒಂದು ತುದಿಗೆ ಹೋಗಿ ತನ್ನ ಸೊನ್ನೆಯನ್ನು ಗುರುತಿಸಿಕೊಳ್ಳುತ್ತದೆ, ನಡುವೆ ಹೆಜ್ಜೆ ತಪ್ಪಿದರೆ ಅದಕ್ಕೂ ತಿಳಿಯುವುದಿಲ್ಲ. ಪೂರ್ತಿ ತೆರೆದು ಪೂರ್ತಿ ಮುಚ್ಚುವ ಕಿಟಕಿಗೆ ತುದಿಯ ಲಿಮಿಟ್ ಸ್ವಿಚ್ಚುಗಳೇ ಸಾಕು, ಅದನ್ನೂ ಒಪ್ಪುತ್ತೇನೆ. ನಡುವೆ ಎಲ್ಲೋ ನಿಲ್ಲಿಸಬೇಕಾದಾಗ ಮಾತ್ರ ಗಡಿಯಾರವನ್ನು ನಂಬಬೇಡಿ. ಪೊಟೆನ್ಷಿಯೋಮೀಟರ್ ಇರುವ ಆಕ್ಚುಯೇಟರಿಗೆ ಸಾಮಾನ್ಯವಾಗಿ ಐದು ತಂತಿ: ಎರಡು ಮೋಟಾರಿಗೆ, ಮೂರು ಸ್ಥಾನ ಹೇಳಲಿಕ್ಕೆ. ಕೊಳ್ಳುವ ಮುನ್ನ ಎಣಿಸಿ ನೋಡಿ.