ಜಠರಾಗ್ನಿಯೂ ರೇಷ್ಮೆಯ ಎಳೆಯೂ

‘ಜಠರಾಗ್ನಿ’ ಎಂಬ ಮಾತನ್ನು ತರಗತಿಯಲ್ಲಿ ನಾನು ಬಹುಕಾಲ ರೂಪಕವೆಂದೇ ವಿವರಿಸುತ್ತಿದ್ದೆ. ಶಸ್ತ್ರವೈದ್ಯದ ಚರಿತ್ರೆಯನ್ನು ಓದಿದ ಮೇಲೆ ಅದು ಬರಿಯ ರೂಪಕವಲ್ಲವೆಂದು ತೋರಿತು. ಮಾಂಸವನ್ನೇ ಅರಗಿಸುವ ಜಠರರಸವು, ಕೊಯ್ದು ಹೊಲಿದ ಜಠರದ ಗಾಯವನ್ನು ಅರಗಿಸದೆ ಬಿಟ್ಟೀತೆ? ಹತ್ತೊಂಬತ್ತನೆಯ ಶತಮಾನದ ವೈದ್ಯರನ್ನು ಕಾಡಿದ ಶಂಕೆಯಿದು. ವಿಯೆನ್ನಾದ ಥಿಯೋಡೋರ್ ಬಿಲ್‌ರೋತ್ ಅವರ ಶಿಷ್ಯರು ನಾಯಿಗಳ ಮೇಲೆ ಪ್ರಯೋಗ ನಡೆಸಿ, ಗಾಯ ಕೂಡಿಕೊಳ್ಳುವುದೆಂದು ಕಂಡುಕೊಂಡರು. ಆದರೂ 1879ರಲ್ಲಿ ಪ್ಯಾರಿಸ್ಸಿನ ಪೆಯಾನ್, ಮರುವರ್ಷ ಪೋಲಿಷ್ ವೈದ್ಯ ರಿಡಿಗಿಯರ್ ಕೈಗೊಂಡ ಚಿಕಿತ್ಸೆಗಳಲ್ಲಿ ರೋಗಿಗಳು ಉಳಿಯಲಿಲ್ಲ.

1881ರ ಜನವರಿ 29ರಂದು ಬಿಲ್‌ರೋತ್ (ಸಂಗೀತಗಾರ ಬ್ರಾಮ್ಸ್‌ನ ಆಪ್ತಮಿತ್ರರು ಇವರೇ) 43 ವರ್ಷದ ಹೆಂಗಸೊಬ್ಬಳನ್ನು ಶಸ್ತ್ರಕ್ಕೆ ಒಳಪಡಿಸಿದರು. ಉಂಡದ್ದೆಲ್ಲ ವಾಂತಿಯಾಗಿ ಆಕೆ ಸೊರಗಿಹೋಗಿದ್ದಳು. ಮೊದಲು ಉಗುರುಬೆಚ್ಚನೆಯ ನೀರಿನಿಂದ ಜಠರವನ್ನು ತೊಳೆದರು. ಕ್ಯಾನ್ಸರ್ ಕಟ್ಟಿಕೊಂಡಿದ್ದ ಕೆಳತುದಿಯನ್ನು ಕತ್ತರಿಸಿ ತೆಗೆದು, ಉಳಿದ ಭಾಗವನ್ನು ಸಣ್ಣಕರುಳಿನ ಮೊದಲ ತುಂಡಿಗೆ ಸುಮಾರು 50 ರೇಷ್ಮೆ ಹೊಲಿಗೆಗಳಿಂದ ಕೂಡಿಸಿದರು. ಹೊಲಿಗೆ ಬಿಡಲಿಲ್ಲ; ಅಗ್ನಿ ಎಳೆಯನ್ನು ಸುಡಲಿಲ್ಲ. ಆಕೆ ಮತ್ತೆ ಉಂಡಳು.

ನಾಲ್ಕು ತಿಂಗಳ ತರುವಾಯ ಆಕೆ ತೀರಿಕೊಂಡಳು. ಶಸ್ತ್ರದಿಂದಲ್ಲ, ಯಕೃತ್ತಿಗೆ ಹರಡಿದ ಅದೇ ಕ್ಯಾನ್ಸರಿನಿಂದ. ಇದನ್ನು ಸೋಲೆನ್ನಲು ನನ್ನ ಮನಸ್ಸು ಒಪ್ಪದು. ಜಠರವನ್ನು ಕರುಳಿಗೆ ನೇರವಾಗಿ ಜೋಡಿಸುವ ಆ ಕ್ರಮವನ್ನು ಶಸ್ತ್ರವೈದ್ಯರು ಇಂದಿಗೂ ‘ಬಿಲ್‌ರೋತ್ ಒಂದು’ ಎಂದೇ ಕರೆಯುತ್ತಾರೆ.