ಜಾರುವ ಉಂಗುರ: ದೃಶ್ಯಕ್ಕೂ ಒಂದು ಮೂಲಪಾಠ

ರಾಕೆಟ್ಟಿನ ಒಡಲಿನಿಂದಲೇ ತೆಗೆದ ಒಂದು ದೃಶ್ಯವನ್ನು ನೀವು ಕಂಡಿರಬಹುದು: ಕೆಳಹಂತವು ಕಳಚುತ್ತದೆ, ಬಳಿಕ ದೊಡ್ಡ ಉಂಗುರವೊಂದು ಎಂಜಿನ್ನುಗಳ ಜ್ವಾಲೆ ತಾಗಿ ಹೊಳೆಯುತ್ತ, ನಿಧಾನವಾಗಿ ಭೂಮಿಯತ್ತ ಜಾರುತ್ತದೆ. ಸಾಕ್ಷ್ಯಚಿತ್ರಗಳು ಹಲವು ಸಲ ಇದನ್ನು ಚಂದ್ರಯಾತ್ರೆಯ ಅಪೋಲೊ 11ರದೆಂಬಂತೆ ತೋರಿಸಿವೆ. ವಾಸ್ತವದಲ್ಲಿ ಇಂಥ ಚಿತ್ರಣ ದೊರೆತದ್ದು 1967ರ ಅಪೋಲೊ 4 ಮತ್ತು 1968ರ ಅಪೋಲೊ 6 ಎಂಬ, ಯಾತ್ರಿಕರಿಲ್ಲದ ಪರೀಕ್ಷಾರ್ಥ ಉಡಾವಣೆಗಳಿಂದ. ಹಂತಗಳು ಸರಿಯಾಗಿ ಬೇರ್ಪಡುವವೇ ಎಂದು ಪರಿಶೀಲಿಸಲು ಅತಿವೇಗದ ಕ್ಯಾಮೆರಾಗಳನ್ನು ಇರಿಸಿದ್ದರು. ಆ ನಿಧಾನಗತಿಗೆ ಅದೇ ಕಾರಣ. ಕ್ಯಾಮೆರಾಗಳಿದ್ದ ಕೋಶಗಳು ಕಳಚಿಕೊಂಡು, ಪ್ಯಾರಾಚೂಟಿನಿಂದ ಸಮುದ್ರಕ್ಕಿಳಿದ ಮೇಲೆ ಫಿಲ್ಮು ಕೈಸೇರಿತು.

ಗ್ರಂಥಸಂಪಾದನೆಯಲ್ಲಿ ಹಸ್ತಪ್ರತಿಯ ಮೂಲವನ್ನು ಅರಸುವ ನಾವು ದೃಶ್ಯದ ಮೂಲವನ್ನೂ ವಿಚಾರಿಸಬೇಕು. ನಿರ್ಜನ ಹಾರಾಟವನ್ನು ಮಾನವಯಾನವೆಂದು ನಂಬುವುದು ಪ್ರಕ್ಷಿಪ್ತ ಪದ್ಯವನ್ನು ಕವಿಯದೆಂದು ಒಪ್ಪಿಕೊಂಡಂತೆಯೇ ಸರಿ.