ಕಾಲುವೆಯ ಕೊರವ: ಗಾಳ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು?

ಮೊಬೈಲಿನಲ್ಲಿ ಮೀನು ಹಿಡಿಯುವ ವಿಡಿಯೊ ನೋಡಿದ್ದೀರಾ? ಕಾಲುವೆ ದಡದಲ್ಲಿ ನಿಂತವನು ರಬ್ಬರ್ ಕಪ್ಪೆಯೊಂದನ್ನು ನೀರಿಗೆ ಎಸೆಯುತ್ತಾನೆ. ‘ಗುಳುಂ’ ಅಂತ ಸದ್ದು. ಬಾಸ್ ಮೀನು ಸಿಕ್ಕಿತು! ಬಾಸ್ ಉತ್ತರ ಅಮೆರಿಕದ ಮೀನು, ನಮ್ಮ ಕಾಲುವೆಗಳಲ್ಲಿ ಇಲ್ಲ. ಆದರೆ ಅದರಂತೆಯೇ ಹೊಂಚು ಹಾಕಿ ಬೇಟೆಯಾಡುವ ಮೀನು ನಮ್ಮಲ್ಲೂ ಇದೆ. ಅದೇ ಕೊರವ. ಹಾವಿನಂಥ ತಲೆ, ಉದ್ದನೆಯ ಮೈ, ಅಗಲವಾದ ಬಾಯಿ. ತಮಿಳಿನಲ್ಲಿ ಇದು ವಿರಾಲ್. ವಿಜ್ಞಾನಿಗಳು ಇಟ್ಟ ಹೆಸರು ಚನ್ನಾ ಸ್ಟ್ರಯೇಟಾ.

ಕೊರವ ಹಿಡಿಯುವವರು ಯಾವಾಗಲೂ ಕೇಳುವ ಪ್ರಶ್ನೆ ಎರಡು. ಎಲ್ಲಿ ಎಸೆಯಬೇಕು? ಏನನ್ನು ಎಸೆಯಬೇಕು? ಉತ್ತರ ಅದೃಷ್ಟದಲ್ಲಿಲ್ಲ, ನೀರಿನ ಹರಿವಿನಲ್ಲಿ ಮತ್ತು ಮೀನಿನ ಮೈಯಲ್ಲಿದೆ. ಬನ್ನಿ, ಒಂದು ನಿಜವಾದ ಕಾಲುವೆಯ ದಡಕ್ಕೇ ಹೋಗಿ ನೋಡೋಣ.

ಬೆಟ್ಟ ದಾಟಿ ಬಂದ ನೀರು

ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ ಕಂಬಂ ಕಣಿವೆ ಇದೆ. ಮನೆಯಲ್ಲಿ ಕನ್ನಡ ಮಾತಾಡುವ ಕಪ್ಪಿಲಿಯರ ಕುಟುಂಬಗಳು ತಲೆಮಾರುಗಳಿಂದ ಇಲ್ಲಿ ನೆಲೆಸಿವೆ. ಭತ್ತ, ಬಾಳೆ, ತೆಂಗು, ದ್ರಾಕ್ಷಿ ಬೆಳೆಯುವ ಈ ಕಣಿವೆಗೆ ನೀರು ಬರುವುದು ಬೆಟ್ಟದ ಆ ಕಡೆಯಿಂದ. ಪಶ್ಚಿಮಕ್ಕೆ ಹರಿಯುತ್ತಿದ್ದ ಪೆರಿಯಾರ್ ನದಿಗೆ ಎಂಜಿನಿಯರ್ ಜಾನ್ ಪೆನ್ನಿಕ್ವಿಕ್ ಅವರ ಮುಂದಾಳತ್ವದಲ್ಲಿ ಅಣೆಕಟ್ಟು ಕಟ್ಟಿ 1895ರಲ್ಲಿ ಮುಗಿಸಿದರು. ಬೆಟ್ಟವನ್ನು ಕೊರೆದ ಸುರಂಗದಲ್ಲಿ ನೀರನ್ನು ಪೂರ್ವಕ್ಕೆ ತಿರುಗಿಸಿದರು. ಆ ನೀರು ಕಣಿವೆಯ ಕಾಲುವೆಗಳಿಗೆ ಹರಿದು, ಉಳಿದದ್ದು 1959ರಲ್ಲಿ ಉದ್ಘಾಟನೆಯಾದ ವೈಗೈ ಅಣೆಕಟ್ಟು ಸೇರುತ್ತದೆ. ಅಲ್ಲಿಂದ ಮುಂದೆ ದಿಂಡಿಗಲ್, ಮಧುರೈ ಕಡೆಯ ಗದ್ದೆಗಳಿಗೆ ಹೋಗುತ್ತದೆ.

ಕಾಲುವೆ ಒಂದೇ, ವೇಗ ಹಲವು

ತುಂಬಿ ಹರಿಯುವ ಕಾಲುವೆಯನ್ನು ಸೇತುವೆ ಮೇಲಿಂದ ನೋಡಿ. ಎಲ್ಲ ನೀರೂ ಒಂದೇ ವೇಗದಲ್ಲಿ ಓಡುತ್ತಿದೆಯಾ? ಇಲ್ಲ. ನಡುವೆ ಜೋರು, ಅಂಚಿನಲ್ಲಿ ನಿಧಾನ. ದಡ ಮತ್ತು ತಳದ ಘರ್ಷಣೆ ನೀರನ್ನು ಹಿಡಿದು ನಿಲ್ಲಿಸುತ್ತದೆ. ತಿರುವಿನಲ್ಲಿ ಹೊರಗಿನ ಅಂಚಿನ ನೀರು ವೇಗ, ಒಳಗಿನ ಅಂಚಿನದು ನಿಧಾನ.

ಈಗ ಮೀನಿನ ಲೆಕ್ಕ ನೋಡಿ. ಹರಿಯುವ ನೀರು ಮೀನನ್ನು ಹಿಂದಕ್ಕೆ ತಳ್ಳುತ್ತದೆ. ನೀರಿನ ವೇಗ ಎರಡರಷ್ಟಾದರೆ ತಳ್ಳುವ ಬಲ ಸುಮಾರು ನಾಲ್ಕರಷ್ಟಾಗುತ್ತದೆ. ನಡುನೀರಿನಲ್ಲಿ ದಿನವಿಡೀ ಈಜಿದರೆ ತಿಂದದ್ದೆಲ್ಲ ಈಜುವುದಕ್ಕೇ ಖರ್ಚು! ಅದಕ್ಕೇ ಕೊರವ ನಿಂತ ನೀರು ಹುಡುಕುತ್ತದೆ. ತೂಬಿನ ಪಕ್ಕದ ಮಡು, ಮೋರಿಯ ನೆರಳು, ಕಳೆ ಬೆಳೆದ ಅಂಚು, ತಿರುವಿನ ಒಳಬದಿ ಇವೆಲ್ಲ ಅದರ ಮನೆಗಳು. ಅಲ್ಲೇ ಅಲುಗಾಡದೆ ನಿಂತಿರುತ್ತದೆ. ಹರಿವು ಕಪ್ಪೆಯನ್ನೋ ಚಿಕ್ಕ ಮೀನನ್ನೋ ಹತ್ತಿರ ತಂದರೆ ಒಂದೇ ನೆಗೆತ. ಹಾಗಾಗಿ ಜೋರು ನೀರು ಮತ್ತು ನಿಧಾನ ನೀರು ಸೇರುವ ಗಡಿಯೇ ಗಾಳಕ್ಕೆ ಒಳ್ಳೆಯ ಜಾಗ.

ಇನ್ನೊಂದು ಗುಟ್ಟು ಇದೆ. ಕೊರವನಿಗೆ ಕಿವಿರುಗಳು ಸಾಲವು. ಕಿವಿರುಗಳ ಮೇಲೆ ಗಾಳಿ ತುಂಬುವ ಪುಟ್ಟ ಕೋಣೆಯಂಥ ಅಂಗವಿದೆ. ಆಗಾಗ ಮೇಲೆ ಬಂದು ಗಾಳಿ ನುಂಗಲೇಬೇಕು. ಬಲೆಯಲ್ಲಿ ಸಿಕ್ಕಿ ಮೇಲೆ ಬರಲಾಗದಿದ್ದರೆ ನೀರಿನೊಳಗೇ ಉಸಿರುಗಟ್ಟಿ ಸಾಯುತ್ತದೆ! ಆದ್ದರಿಂದ ನಿಂತ ನೀರಿನ ಮೇಲೆ ಒಂದು ಉಂಗುರದಂಥ ಅಲೆ ಎದ್ದು ಮಾಯವಾದರೆ ಗಮನಿಸಿ, ಕೆಳಗೆ ಕೊರವ ಇರಬಹುದು.

ಯಾವ ಲೂರ್?

ಗಾಳಕ್ಕೆ ಕಟ್ಟುವ ಹುಸಿ ಎರೆಯೇ ಲೂರ್. ಇದು ಮೀನಿನ ಎರಡು ಇಂದ್ರಿಯಗಳನ್ನು ಮೋಸಗೊಳಿಸಬೇಕು. ಒಂದು ಕಣ್ಣು. ಇನ್ನೊಂದು ಮೈಯ ಎರಡೂ ಬದಿ ಇರುವ ಪಾರ್ಶ್ವರೇಖೆ. ನೀರಿನ ಅತಿ ಸಣ್ಣ ಅಲುಗಾಟವನ್ನೂ ಅದು ಗುರುತಿಸುತ್ತದೆ.

ಕಳೆ ಇರುವ ಕಡೆ ರಬ್ಬರ್ ಕಪ್ಪೆ ಸರಿ. ಅದರ ಕೊಕ್ಕೆಗಳು ಮೈಗೆ ಅಂಟಿಕೊಂಡಂತೆ ಇರುವುದರಿಂದ ಕಳೆಗೆ ಸಿಕ್ಕಿಕೊಳ್ಳುವುದು ಕಡಿಮೆ. ಮೀನು ಕಚ್ಚಿದಾಗ ಮೆತ್ತನೆಯ ಮೈ ಅದುಮಿ ಕೊಕ್ಕೆ ಹೊರಬರುತ್ತದೆ. ಹೊಸ ನೀರು ಬಿಟ್ಟು ಕಾಲುವೆ ಕೆಂಪಾಗಿದ್ದರೆ ಕಣ್ಣಿಗಿಂತ ಪಾರ್ಶ್ವರೇಖೆ ಮುಖ್ಯ. ಆಗ ತಿರುಗುತ್ತಾ ಅಲೆ ಎಬ್ಬಿಸುವ ತಗಡಿನ ಸ್ಪಿನ್ನರ್ ವಾಸಿ. ಬಣ್ಣದ ವಿಷಯಕ್ಕೆ ಬಂದರೆ, ಮೇಲೆ ತೇಲುವ ಲೂರನ್ನು ಮೀನು ಕೆಳಗಿನಿಂದ ನೋಡುತ್ತದೆ. ಬೆಳಕಿನ ಆಕಾಶದ ಎದುರು ಅದಕ್ಕೆ ಕಾಣುವುದು ಬರೀ ಕಪ್ಪು ಆಕಾರ. ಅಂಗಡಿಯಲ್ಲಿ ನಮ್ಮ ಕಣ್ಣು ಸೆಳೆಯುವ ಬಣ್ಣ ಮೀನಿಗೆ ಲೆಕ್ಕಕ್ಕೇ ಬರದೆ ಇರಬಹುದು!

ಹೆಜ್ಜೆ ಮೆತ್ತಗಿರಲಿ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸಿದರೆ, ನೀರಿನಲ್ಲಿ ಸುಮಾರು 1,500 ಮೀಟರ್. ದಡದಲ್ಲಿ ಧಡಧಡ ಓಡಿದರೆ ನಿಮಗಿಂತ ಮೊದಲು ಸುದ್ದಿ ಮೀನಿಗೆ ಮುಟ್ಟಿರುತ್ತದೆ.

ಕೆಂಪು ಮರಿಗಳು ಕಂಡರೆ

ಈಗ ಮುಖ್ಯವಾದ ಮಾತು. ಮಳೆಗಾಲದಲ್ಲಿ ಕಳೆಯ ನಡುವೆ ಕೆಂಪಗಿನ ಪುಟ್ಟ ಮರಿಗಳು ನೂರಾರು ಒಟ್ಟಿಗೆ ಮೇಲೇಳುತ್ತಾ ಮುಳುಗುತ್ತಾ ಹೋಗುವುದನ್ನು ನೋಡಿರಬಹುದು. ಅವು ಕೊರವನ ಮರಿಗಳು. ಅವುಗಳ ಕೆಳಗೇ ಅಪ್ಪನೋ ಅಮ್ಮನೋ ಕಾವಲಿರುತ್ತದೆ. ಮರಿಗಳ ಹತ್ತಿರ ಏನೇ ಬಿದ್ದರೂ ಹಸಿವಿಲ್ಲದಿದ್ದರೂ ನುಗ್ಗಿ ಕಚ್ಚುತ್ತದೆ. ಹಾಗಾಗಿ ಆ ಗುಂಪಿನ ಮಧ್ಯಕ್ಕೆ ಲೂರ್ ಎಸೆದರೆ ಕೊರವ ಸಿಗುವುದು ಬಲು ಸುಲಭ. ಕೆಲವರು ಹೀಗೇ ಹಿಡಿಯುತ್ತಾರೆ.

ಆದರೆ ಲೆಕ್ಕ ಹಾಕಿ. ಕಾವಲಿನ ಮೀನು ಹೋದರೆ ಆ ಮರಿಗಳನ್ನು ಬೇರೆ ಮೀನು, ಹಕ್ಕಿ, ನೀರುಹಾವು ತಿಂದು ಮುಗಿಸುತ್ತವೆ. ಒಂದು ಮೀನು ಹಿಡಿದೆವು ಅಂದುಕೊಳ್ಳುತ್ತೇವೆ, ಹೋದದ್ದು ಒಂದು ಇಡೀ ಸಂಸಾರ. ಮೀನಿನ ಸ್ವಭಾವ ತಿಳಿದವರಿಗೆ ಎಲ್ಲಿ ಎಸೆಯಬೇಕು ಅಂತ ಗೊತ್ತಾಗುತ್ತದೆ. ಎಲ್ಲಿ ಎಸೆಯಬಾರದು ಅನ್ನುವುದೂ ಅದೇ ತಿಳಿವಳಿಕೆಯಿಂದಲೇ ಬರಬೇಕು. ಕೆಂಪು ಮರಿಗಳು ಕಂಡರೆ ಗಾಳ ಸುತ್ತಿಕೊಂಡು ಮುಂದೆ ಹೋಗಿ.

ಮಾಡಿ ನೋಡಿ

ಗಾಳವಿಲ್ಲದೆಯೂ ಕಾಲುವೆಯನ್ನು ಓದಬಹುದು. ದೊಡ್ಡವರೊಬ್ಬರ ಜೊತೆ ಹೋಗಿ. ನೀರಿಗೆ ಇಳಿಯಬೇಡಿ, ತೂಬಿನ ಹತ್ತಿರ ನಿಲ್ಲಲೇಬೇಡಿ. ದಡದ ಮೇಲೆ 10 ಮೀಟರ್ ಅಳೆದು ಗುರುತು ಮಾಡಿ. ಒಂದು ಒಣ ಎಲೆಯನ್ನು ನಡುನೀರಿಗೆ, ಇನ್ನೊಂದನ್ನು ಅಂಚಿಗೆ ಬೀಳಿಸಿ ಸಮಯ ನೋಡಿ. ನಡುವಿನ ಎಲೆಗೆ 20 ಸೆಕೆಂಡ್ ಹಿಡಿದರೆ ವೇಗ ಸೆಕೆಂಡಿಗೆ 0.5 ಮೀಟರ್. ಅಂಚಿನದಕ್ಕೆ 50 ಸೆಕೆಂಡ್ ಹಿಡಿದರೆ 0.2 ಮೀಟರ್. ವೇಗದ ವ್ಯತ್ಯಾಸ ಎರಡೂವರೆ ಪಟ್ಟು. ಹಾಗಾದರೆ ಮೀನಿನ ಮೇಲೆ ಬೀಳುವ ಬಲದ ವ್ಯತ್ಯಾಸ ಎಷ್ಟು ಪಟ್ಟು? ಲೆಕ್ಕ ಮಾಡಿ ನಿಮ್ಮ ಮೇಷ್ಟ್ರಿಗೆ ತೋರಿಸಿ. ಆಮೇಲೆ ಹೇಳಿ, ನೀವು ಕೊರವ ಆಗಿದ್ದರೆ ಎಲ್ಲಿ ನಿಲ್ಲುತ್ತಿದ್ದಿರಿ?